ಯಜಮಾನರ ಮಳೆ ಗ್ಲಾಸು ಮತ್ತು ನನ್ನ ಡ್ರೈನು

ದೊಡ್ಡ ದುಃಖವೊಂದನ್ನು ಹೊರುವುದಕ್ಕೆ ನಾನು ತಕ್ಕಮಟ್ಟಿಗೆ ತಯಾರಾಗಿದ್ದೆ. ಅದರ ಜೊತೆಗೆ ಒಂದು ಪ್ಲಾಸ್ಟಿಕ್ ಬುಡ್ಡಿಯನ್ನೂ ಹೊರಬೇಕಾಗುತ್ತದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಎಡ ಸ್ತನದಲ್ಲಿ ಗಂಟು, ಗಂಟಿನಲ್ಲಿ ಕ್ಯಾನ್ಸರ್, ಆದ್ದರಿಂದ ಸ್ತನವನ್ನೇ ತೆಗೆಯಬೇಕು ಎಂದು ಮೈಸೂರಿನ ಡಾಕ್ಟರು ಹೇಳಿದ ದಿನವೇ, ಮುಂದೆ ನಾನು ಹೇಗಿರಬೇಕು ಎಂಬುದನ್ನು ಮನಸ್ಸಿನಲ್ಲಿ ಗೊತ್ತುಮಾಡಿಕೊಂಡುಬಿಟ್ಟಿದ್ದೆ. ಒಗೆದ ಸೀರೆ ಉಟ್ಟು ಕಿಟಕಿಯ ಹತ್ತಿರ ಕೂರುವುದು. ನೋಡಲು ಬಂದವರಿಗೆ ಸಣ್ಣಗೆ ನಗುವುದು. ಅವರು ಆಚೆ ಹೋಗಿ "ಎಷ್ಟು ಧೈರ್ಯ ಈ ಹೆಂಗಸಿಗೆ" ಎಂದು ಮಾತಾಡಿಕೊಳ್ಳುವುದು. ನಿಜದಲ್ಲಿ ಆದದ್ದೇ ಬೇರೆ. ಕಂಕುಳ ಕೆಳಗೆ ಒಂದು ತೂತು, ತೂತಿನಿಂದ ಒಂದು ಪೈಪು, ಪೈಪಿನ ತುದಿಗೆ ಕಿತ್ತಳೆ ಗಾತ್ರದ ಒಂದು ಬುಡ್ಡಿ, ಆ ಬುಡ್ಡಿಯೊಳಗೆ ನೀರು ಹೆಚ್ಚಾದ ಬೆಲ್ಲದ ಕಾಫಿಯ ಬಣ್ಣದ ನೀರು. ಇದನ್ನು ಸೊಂಟಕ್ಕೆ ನೇತುಹಾಕಿಕೊಂಡು ಎಷ್ಟು ಘನತೆಯಿಂದ ಕೂತರೂ ಬಂದವರ ಕಣ್ಣು ನೇರವಾಗಿ ಬುಡ್ಡಿಯ ಮೇಲೇ ಹೋಗುತ್ತಿತ್ತು.

ಡ್ರೈನ್ ಎಂದರೆ ಏನೆಂದು ಗೊತ್ತಿಲ್ಲದ ಪುಣ್ಯವಂತರಿಗೆ ಹೇಳುತ್ತೇನೆ. ಕೊಯ್ದು ಹೊಲಿದ ಜಾಗದಲ್ಲಿ ಒಳಗೆ ನೀರು ತುಂಬಿಕೊಳ್ಳುತ್ತದೆಯಂತೆ. ಅದು ಅಲ್ಲೇ ನಿಂತರೆ ಗಾಯ ಕೂಡುವುದಿಲ್ಲ. ಅದಕ್ಕೆ ಪೈಪು ಬಿಟ್ಟು, ತುದಿಯ ಬುಡ್ಡಿಯನ್ನು ಹಿಂಡಿ ಮುಚ್ಚಳ ಹಾಕಿಬಿಟ್ಟರೆ ಅದು ಮೆಲ್ಲಗೆ ಉಬ್ಬುತ್ತಾ ಒಳಗಿನ ನೀರನ್ನು ಎಳೆದುಕೊಳ್ಳುತ್ತದೆ. ನನಗೆ ಎರಡು ಹಾಕಿದ್ದರು. ಒಂದನ್ನು ಆಸ್ಪತ್ರೆಯಲ್ಲಿರುವಾಗಲೇ ತೆಗೆದರು. ಇನ್ನೊಂದು ನನ್ನ ಜೊತೆ ನಮ್ಮೂರು ಶನಿವಾರಸಂತೆಗೆ ಬಂತು. "ದಿನಕ್ಕೆ ಮೂವತ್ತು ಎಂಎಲ್‌ಗಿಂತ ಕಡಿಮೆ ಬರ್ಬೇಕು, ಅದೂ ಎರಡು ದಿನ ಸತತ. ಆಗ ಫೋನ್ ಮಾಡಿ ಬನ್ನಿ, ತೆಗೀತೀವಿ" ಎಂದು ಡಾಕ್ಟರು ಹೇಳಿ ಕಳಿಸಿದರು. ಪೈಪು ಹೋಗಬೇಕು, ಗಾಯ ಮಾಗಬೇಕು, ಆಮೇಲೆ ಕೀಮೋ ಶುರುವಾಗಬೇಕು. ತಡವಾದಷ್ಟೂ ಒಳಗೆ ಏನಾದರೂ ಉಳಿದದ್ದು ಮತ್ತೆ ಬೆಳೆಯುತ್ತಿದೆಯೇನೋ ಎಂದು ನನಗೆ ಭಯ. ಬದುಕುತ್ತೇನೋ ಇಲ್ಲವೋ ಎಂಬ ಅಷ್ಟು ದೊಡ್ಡ ಪ್ರಶ್ನೆ ಒಂದು ಬುಡ್ಡಿಯ ತಳದಲ್ಲಿ ಬಂದು ಕೂತಿತ್ತು.

ಅದನ್ನು ಎಲ್ಲಿ ಇಟ್ಟುಕೊಳ್ಳುವುದು ಎಂಬುದೇ ಮೊದಲ ತಾಪತ್ರಯ. ನೈಟಿಯ ಜೇಬಿಗೆ ಹಾಕಿದರೆ ನೈಟಿ ಒಂದು ಕಡೆ ಜಗ್ಗುತ್ತದೆ. ಪಿನ್ನು ಹಾಕಿ ಸಿಕ್ಕಿಸಿದರೆ, ಮರೆತು ಎದ್ದಾಗ ಪೈಪು ಬಾಗಿಲ ಚಿಲಕಕ್ಕೆ ಸಿಕ್ಕಿ ಪ್ರಾಣ ಹೋದಂತಾಗುತ್ತದೆ. ಕೊನೆಗೆ ನಮ್ಮತ್ತೆ ತಮ್ಮ ಹಳೆಯ ರವಿಕೆ ಬಟ್ಟೆಯಲ್ಲಿ ಒಂದು ಚೀಲ ಹೊಲಿದು, ಕಾಫಿ ಕೊಯ್ಯುವ ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿಕೊಳ್ಳುವ ಹಾಗೆ ಕಟ್ಟಿದರು. ಸ್ನಾನವಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳುವುದಷ್ಟೇ. ಬಲಕ್ಕೆ ಮಗ್ಗುಲಾಗಿ ಮಲಗಿದರೆ ಪೈಪು ಎಳೆಯುತ್ತದೆ, ಎಡಕ್ಕೆ ಮಲಗುವ ಹಾಗಿಲ್ಲ, ಅಂಗಾತ ಮಲಗಿ ಸೂರಿನ ಹೆಂಚು ನೋಡುತ್ತಾ ಬಿದ್ದಿರಬೇಕು. ನೋಡಲು ಬರುವವರಿಗೆ ಶನಿವಾರವೇ ಅನುಕೂಲ. ಸಂತೆ ಮುಗಿಸಿ, ಬೀನ್ಸು ಮೆಣಸಿನಕಾಯಿ ತುಂಬಿದ ಕೈಚೀಲಗಳನ್ನು ನಮ್ಮ ಜಗಲಿಯಲ್ಲಿ ಸಾಲಾಗಿ ಇಟ್ಟು ಒಳಗೆ ಬರುತ್ತಿದ್ದರು. ಎದೆ ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ. "ಅದು", "ಅಲ್ಲಿ", "ಆ ಆಪರೇಷನ್ನು" ಎನ್ನುತ್ತಾ ಎಲ್ಲರೂ ಬುಡ್ಡಿಯ ಮಾತನ್ನೇ ಹಿಡಿದುಕೊಂಡರು. ಪಕ್ಕದ ಮನೆಯ ಪಾರ್ವತಕ್ಕ, "ಅಯ್ಯೋ ಟೀಚರೇ, ಇದ್ನ ಕಟ್ಕಂಡು ಅದ್ಹೆಂಗ್ ಮಲಗ್ತೀರಿ? ತುಂಬೋದ್ರೆ ಒಡ್ದೋಗಲ್ವಾ?" ಎಂದು ಕೇಳಿ, ನಾನು ಇಲ್ಲ ಎಂದರೂ ನಂಬದೆ, ಕುರ್ಚಿಯನ್ನು ಒಂದು ಮೊಳ ಹಿಂದಕ್ಕೆ ಎಳೆದುಕೊಂಡು ಕೂತರು. ನನಗೂ ಅದೇ ಹಿತವಾಗಿತ್ತು. ಬುಡ್ಡಿಯ ಬಗ್ಗೆ ಎಷ್ಟು ಬೇಕಾದರೂ ಮಾತಾಡಬಲ್ಲೆ. ಪೈಪನ್ನು ಶಪಿಸುತ್ತಾ, ಪ್ಲಾಸ್ಟರಿನ ಅಂಟನ್ನು ಬೈಯುತ್ತಾ ಮಧ್ಯಾಹ್ನ ಕಳೆಯುತ್ತಿದ್ದೆ. ಬ್ಯಾಂಡೇಜಿನ ಕೆಳಗೆ ಏನಿದೆ, ಏನಿಲ್ಲ ಎಂದು ನಾನಿನ್ನೂ ಒಂದು ಸಲವೂ ನೋಡಿರಲಿಲ್ಲ.

ಇನ್ನು ನಮ್ಮ ಯಜಮಾನರ ವಿಷಯ. ಅವರು ನಾಲ್ಕೆಕರೆ ಕಾಫಿ ತೋಟದ ಒಡೆಯರು. ಆದರೆ ಅವರ ನಿಜವಾದ ಉದ್ಯೋಗ ಮಳೆ ಅಳೆಯುವುದು. ಕೊಡಗಿನ ಕಾಫಿ ಬೆಳೆಗಾರರಿಗೆ ಇದೊಂದು ಬಗೆಯ ಗೀಳು. ಅಂಗಳದಲ್ಲಿ ಮಳೆ ಮಾಪಕ ಇಲ್ಲದ ಮನೆ ಮನೆಯಲ್ಲ. ಬೆಳಗ್ಗೆ ಎದ್ದವರೇ ಅದರ ನೀರನ್ನು ಉದ್ದನೆಯ ಗ್ಲಾಸಿಗೆ ಹುಯ್ದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಇಂಚು, ಇಂಚಿನ ನೂರನೇ ಪಾಲಾದ ಸೆಂಟುಗಳಲ್ಲಿ ಓದಿ, ಊರಿಡೀ ಫೋನು ಮಾಡುತ್ತಾರೆ. "ನಿಮ್ಗೆಷ್ಟ್ ಬಂತು?" "ಎಪ್ಪತ್ ಸೆಂಟು." "ನಮ್ಗೆ ಅರ್ವತ್ತೇ ಕಣ್ರೀ" ಎನ್ನುವಾಗ ಆ ಹತ್ತು ಸೆಂಟು ಪಕ್ಕದವರು ಬೇಲಿ ದಾಟಿ ಬಂದು ಕದ್ದುಕೊಂಡು ಹೋದ ಹಾಗೆ ಇವರ ಮುಖ ಇಳಿಯುತ್ತದೆ. ನಾನು ಮನೆಗೆ ಬಂದದ್ದು ಹೂಮಳೆಗೆ ಎಲ್ಲರೂ ಬಾಯಿಬಿಟ್ಟುಕೊಂಡು ಕಾಯುತ್ತಿದ್ದ ಕಾಲದಲ್ಲಿ. ಕಾಫಿ ಗಿಡದ ಮೊಗ್ಗು ಅರಳಬೇಕಾದರೆ ಒಂದಿಂಚಾದರೂ ಬೀಳಬೇಕು, ಮೋಡ ಮಾತ್ರ ದಿನಾ ಬಂದು ಮುಖ ತೋರಿಸಿ ಹೋಗುತ್ತಿತ್ತು. ಅಳೆಯುವುದಕ್ಕೆ ಏನೂ ಇಲ್ಲದೆ ಇವರ ಕೈ ಕಡಿಯುತ್ತಿತ್ತು. ಅಂಥ ಹೊತ್ತಿನಲ್ಲಿ ಹೆಂಡತಿಯೇ ದಿನಾ ಅಳೆಯಬೇಕಾದ ನೀರಿನ ಸಮೇತ ಮನೆಗೆ ಬಂದಿದ್ದಳು. "ನೀನೇನೂ ಯೋಚ್ನೆ ಮಾಡ್ಬೇಡ. ಅಳೆಯದು ನಂಗ್ ಬಿಡು" ಎಂದರು. ಮದುವೆಯಾದ ಮೇಲೆ ಅವರು ನನ್ನ ಯಾವ ಕೆಲಸವನ್ನೂ ಅಷ್ಟು ಉತ್ಸಾಹದಿಂದ ವಹಿಸಿಕೊಂಡದ್ದು ನನಗೆ ನೆನಪಿಲ್ಲ.

ಆಸ್ಪತ್ರೆಯವರು ಅಳೆಯಲೆಂದು ಒಂದು ತೆಳ್ಳನೆಯ ಪ್ಲಾಸ್ಟಿಕ್ ಕಪ್ಪು ಕೊಟ್ಟಿದ್ದರು. ಶುದ್ಧವಾಗಿರಬೇಕು ಎಂದಿದ್ದರಲ್ಲ, ಇವರು ಮೊದಲ ಬೆಳಗ್ಗೆಯೇ ಅದರ ಮೇಲೆ ಕುದಿಯುವ ನೀರು ಸುರಿದರು. ಕಪ್ಪು ಅಲ್ಲೇ ಮುದುರಿಕೊಂಡು ಒಣಗಿದ ನೆಲ್ಲಿಕಾಯಿಯ ಹಾಗಾಯಿತು. ಬುಡ್ಡಿಯ ಮೇಲೂ ಗೆರೆಗಳಿದ್ದವು. ಆದರೆ ಹಿಂಡಿದ ಬುಡ್ಡಿಯ ಗೆರೆ ಸರಿಯಾಗಿ ತೋರಿಸುವುದಿಲ್ಲ ಎಂದು ಸಿಸ್ಟರೇ ಎಚ್ಚರಿಸಿದ್ದರು. ಆಗ ಇವರು ಬೀರುವಿನಿಂದ ತಮ್ಮ ತಂದೆಯ ಕಾಲದ, ಈಗ ಬಳಕೆಯಲ್ಲಿಲ್ಲದ ಮಳೆ ಗ್ಲಾಸನ್ನು ತೆಗೆದು ತಂದರು. ದಪ್ಪ ಗಾಜು, ಕೂದಲೆಳೆಯಂಥ ಗೆರೆಗಳು. ಅದನ್ನು ಬಿಸಿನೀರಿನಲ್ಲಿ ತೊಳೆದು, ಬೆಳಕಿಗೆ ಹಿಡಿದು, "ಆಸ್ಪತ್ರೆಯವ್ರ ಹತ್ರಾನೂ ಇಂತಾದ್ದಿಲ್ಲ ನೋಡು" ಎಂದರು. ನಮ್ಮತ್ತೆಗೆ ಮಾತ್ರ ಸಿಟ್ಟು ಬಂತು. "ಏನ್ಲಾ ಇದು, ಮಳೆ ಅಳೆಯೋ ಗ್ಲಾಸಲ್ಲಿ ಇಂತದ್ನೆಲ್ಲ ಅಳೀತಾರಾ? ಬಂದಂಗೇ ಬಿಡು ಈ ವರ್ಷ ಮಳೆ!" ಎಂದು ಗೊಣಗಿದರು. ವಿದ್ಯಾವಂತರಾದ ನಾವಿಬ್ಬರೂ ಮುಸಿಮುಸಿ ನಕ್ಕೆವು.

ಆಸ್ಪತ್ರೆಯಲ್ಲಿ ಕೊನೆಯ ದಿನ ನೂರ ಮೂವತ್ತು ಬಂದಿತ್ತು. ಮನೆಗೆ ಬಂದು ಮಳೆ ಗ್ಲಾಸಿಗೆ ಹುಯ್ದ ಮೊದಲ ದಿನವೇ ನಲವತ್ತು! ನನಗೆ ಕಣ್ಣಲ್ಲಿ ನೀರೇ ಬಂತು. ಇವರು ಗ್ಲಾಸನ್ನು ಎರಡು ಸಲ ಓದಿದರು. ಎರಡು ಸಲವೂ ನಲವತ್ತೇ. ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಇಳಿಯುತ್ತಾ ಬಂತು, ಮನೆಯಲ್ಲಿ ಹಬ್ಬದ ವಾತಾವರಣ ಶುರುವಾಯಿತು. ಎಲ್ಲರಿಗೂ ಅದರ ಕೀರ್ತಿ ಬೇಕು. ತಾವು ಮಾಡಿದ ಮೆಣಸಿನ ಸಾರಿನಿಂದ ನೀರು ಹೀರಿಹೋಯಿತು ಎಂದು ಅತ್ತೆ. ತಾವು ಕೊಟ್ಟ ಹಸುವಿನ ತುಪ್ಪದಿಂದ ಎಂದು ಪಾರ್ವತಕ್ಕ. ಬೆಳಗ್ಗೆ ಎದ್ದು ಪೈಪನ್ನು ಮೇಲಿಂದ ಕೆಳಕ್ಕೆ ಬೆರಳಲ್ಲಿ ಹಿಂಡಿ ಹೆಪ್ಪುಗಟ್ಟಿದ ರಕ್ತ ಇಳಿಸುವ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತಿದ್ದ ಇವರಿಗೆ, ಎಲ್ಲ ತಮ್ಮ ಕೈಗುಣ ಎಂಬ ಗುಮಾನಿ. ಕೊಡ್ಲಿಪೇಟೆಯಲ್ಲಿ ತೋಟವಿರುವ ಇವರ ಗೆಳೆಯ ಪುಟ್ಟಸ್ವಾಮಿ, ಮಳೆಯಿಲ್ಲದೆ ಮಾತಿಗೆ ವಿಷಯವಿಲ್ಲದ್ದಕ್ಕೋ ಏನೋ, ಬೆಳಗಾದರೆ ಫೋನು ಮಾಡಿ "ಟೀಚರಮ್ಮಂಗೆ ಎಷ್ಟಾಯ್ತು ಇವತ್ತು?" ಎಂದು ಕೇಳುತ್ತಿದ್ದರು. ಇಪ್ಪತ್ತಾರು ಬಂದ ದಿನ ಅತ್ತೆ ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ಮರುದಿನ ಇಪ್ಪತ್ತೆರಡು. ಇವರು ಮೈಸೂರಿಗೆ ಫೋನು ಮಾಡಿ ಎರಡು ಸಂಖ್ಯೆಗಳನ್ನೂ ಒಪ್ಪಿಸಿದರು. ಸಿಸ್ಟರು, "ವೆರಿ ಗುಡ್ ಅಂಕಲ್, ನಾಳೆ ಕರ್ಕೊಂಡ್ ಬನ್ನಿ, ತೆಗೆದುಬಿಡೋಣ" ಎಂದರು.

ಮರುದಿನ ಕಾರು ಹತ್ತುವಾಗ ನಾನು ಮದುಮಗಳ ಹಾಗಿದ್ದೆ ಎಂದರೆ ಅತಿಯಾಗುತ್ತದೆ, ಆದರೆ ತಲೆಗೆ ಹೂ ಮುಡಿದಿದ್ದದ್ದು ನಿಜ. ವಾಪಸು ಬಂದ ತಕ್ಷಣ ಸ್ನಾನಕ್ಕೆ ಹಂಡೆ ತುಂಬ ನೀರು ಕಾಯಿಸಿಡಲು ಅತ್ತೆಗೆ ಹೇಳಿದ್ದೆ. ಇವರು ಕಾಲ ಬುಡದ ಚೀಲದಲ್ಲಿ ಟವೆಲಿನಲ್ಲಿ ಸುತ್ತಿದ ಮಳೆ ಗ್ಲಾಸನ್ನೂ ತಂದಿದ್ದರು. ಡಾಕ್ಟರಿಗೆ ತೋರಿಸುವ ಆಸೆ. ಆಸ್ಪತ್ರೆಯಲ್ಲಿ ಸಿಸ್ಟರು ನನ್ನ ಬುಡ್ಡಿಯ ಮುಚ್ಚಳ ಬಿಚ್ಚಿ ತಮ್ಮ ಕಪ್ಪಿಗೆ ಹುಯ್ದರು, ಹುಬ್ಬು ಗಂಟಿಕ್ಕಿದರು. "ಅಂಕಲ್, ನೀವು ಹೇಳಿದ್ದು ಇಪ್ಪತ್ತೆರಡು ಅಲ್ವಾ? ಇಲ್ಲಿ ಎಪ್ಪತ್ತರ ಹತ್ರ ಇದೆಯಲ್ಲಾ?"

"ಸಾಧ್ಯಾನೇ ಇಲ್ಲ. ನಿಮ್ ಕಪ್ಪು ಸರಿಯಿಲ್ಲ" ಎಂದರು ಇವರು. ಎಂದವರೇ ಟವೆಲು ಬಿಚ್ಚಿ ಗ್ಲಾಸನ್ನು ಹೊರತೆಗೆದು, ಸಿಸ್ಟರ ಕೈಯಿಂದ ಕಪ್ಪು ಇಸಿದುಕೊಂಡು ಅದರಲ್ಲಿದ್ದುದನ್ನು ಹುಯ್ದು, ಮೂಗಿನ ನೇರಕ್ಕೆ ಹಿಡಿದು ಗೆದ್ದ ದನಿಯಲ್ಲಿ, "ನೋಡಿ ಬೇಕಾದ್ರೆ. ಇಪ್ಪತ್ತೆರಡು!" ಎಂದರು. ಸಿಸ್ಟರು ಬಗ್ಗಿ ನೋಡಿದರು. "ಇದೇನು ಅಂಕಲ್ ಇದು?" "ಮಳೆ ಅಳೆಯೋ ಗ್ಲಾಸು." "ಹಾಗಾದ್ರೆ ಇದು ಎಂಎಲ್ ಅಲ್ಲ ಅಲ್ವಾ?" ಎಂದು ಆ ಹುಡುಗಿ ಮೆಲ್ಲಗೆ ಕೇಳಿದಳು. ಇವರು ಗ್ಲಾಸನ್ನು ಕೆಳಗಿಳಿಸಿದರು. ಮಳೆಯ ಒಂದು ಸೆಂಟು ಎಂದರೆ ಆ ಗ್ಲಾಸಿನಲ್ಲಿ ಮೂರು ಎಂಎಲ್‌ಗಿಂತ ಜಾಸ್ತಿ ನೀರು. ಅದನ್ನು ಇವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮನೆಗೆ ಬಂದ ಮೊದಲ ದಿನದ ನಲವತ್ತು ಎಂದರೆ ಅದೇ ಆಸ್ಪತ್ರೆಯ ನೂರ ಮೂವತ್ತು. ಸಾರು, ತುಪ್ಪ, ಕೈಗುಣ ಎಲ್ಲ ಸೇರಿಯೂ ಅದನ್ನು ಎಪ್ಪತ್ತಕ್ಕಷ್ಟೇ ಇಳಿಸಿದ್ದವು. ಒಳಗೆ ಬಂದ ಡಾಕ್ಟರು ವಿಷಯ ಕೇಳಿ, "ಅಂದ್ರೆ ನಿಮ್ಮ ಮಿಸೆಸ್‌ಗೆ ಇಪ್ಪತ್ತೆರಡು ಸೆಂಟ್ ಮಳೆ ಆಗಿದೆ ಅನ್ನಿ" ಎಂದು ನಕ್ಕರು. ಸಿಸ್ಟರು ನಕ್ಕರು. ನಾನೂ ನಕ್ಕೆ. ಡಾಕ್ಟರು ಬುಡ್ಡಿಯನ್ನು ಹಿಂಡಿ ಮುಚ್ಚಳ ಹಾಕಿ, ಇನ್ನೂ ಸ್ವಲ್ಪ ದಿನ ಇರಲಿ ಎಂದು ನನ್ನ ಸೊಂಟಕ್ಕೇ ವಾಪಸು ಕಟ್ಟಿಸಿದರು.

ಇವರನ್ನು ಬೈಯುವ ಹಕ್ಕು ನನಗಿತ್ತೇ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಉತ್ತರ ಸರಿಯಿದ್ದರೂ ಮುಂದೆ ಏಕಮಾನ ಬರೆಯದಿದ್ದರೆ ಅರ್ಧ ಅಂಕ ಕಿತ್ತುಕೊಳ್ಳುವುದರಲ್ಲಿ ನನಗೆ ದೊಡ್ಡ ಹೆಸರು. "ಇಪ್ಪತ್ತೆರಡು ಅಂತ ಬರ್ದಿದೀಯಲ್ಲ, ಇಪ್ಪತ್ತೆರಡು ಏನು? ಎಮ್ಮೆನಾ, ಕುರಿನಾ?" ಎಂದು ಎಷ್ಟು ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೋ. ಅಂಥ ನಾನು, ಕಣ್ಣೆದುರಿಗೇ ಇವರು ಮಳೆ ಗ್ಲಾಸು ಎತ್ತಿ ಹಿಡಿದು ನಲವತ್ತು ಎಂದಾಗ, ನಲವತ್ತು ಏನು ಎಂದು ಕೇಳಲಿಲ್ಲ. ಕೇಳುವುದು ನನಗೆ ಬೇಕಾಗಿರಲಿಲ್ಲ. ಕಡಿಮೆ ಎಂದರೆ ಸಾಕಾಗಿತ್ತು. ಯಾರಾದರೂ ದಾರಿಹೋಕರು ಬಾಗಿಲಲ್ಲಿ ನಿಂತು ನಿಮ್ಮ ಕಾಯಿಲೆ ವಾಸಿಯಾಗಿದೆ ಎಂದಿದ್ದರೂ ಒಳಗೆ ಕರೆದು ಕಾಫಿ ಕೊಡುತ್ತಿದ್ದೆನೇನೋ. ಕುಶಾಲನಗರ ದಾಟುವ ಹೊತ್ತಿಗೆ ತಲೆಯ ಹೂ ಬಾಡಿತ್ತು. ಕಿತ್ತು ಕಿಟಕಿಯಿಂದ ಆಚೆ ಹಾಕಿದೆ. ಮನೆಯಲ್ಲಿ ಅತ್ತೆ ಹಂಡೆಯ ಬಾಯಿಂದ ಉಗಿ ಬರುವ ಹಾಗೆ ನೀರು ಕಾಯಿಸಿ ಬಾಗಿಲಲ್ಲಿ ನಿಂತಿದ್ದರು. ಅವರಿಗೆ ತಲೆನೋವು ಎಂದು ಹೇಳಿ ಹೋಗಿ ಮಲಗಿಬಿಟ್ಟೆ.

ಅಲ್ಲಿಂದ ಮುಂದಿನ ದಿನಗಳನ್ನು ಹೇಗೆ ಹೇಳಲಿ? ಮೈಸೂರಿನಿಂದ ತಂದ ಹೊಸ ಕಪ್ಪಿನಲ್ಲಿ ನಾನೇ ಅಳೆಯತೊಡಗಿದೆ. ಎಪ್ಪತ್ತು, ಅರವತ್ತೆಂಟು, ಮತ್ತೆ ಎಪ್ಪತ್ತೈದು. ಪೈಪು ಚರ್ಮ ಹೊಕ್ಕ ಜಾಗ ಕೆಂಪಾಗಿ ಉರಿಯುತ್ತಿತ್ತು. ಮೈಯಿಂದ ಬರುವ ವಾಸನೆ ನನಗೇ ಹಿಡಿಸುತ್ತಿರಲಿಲ್ಲ. ಇನ್ನು ಇದು ನಿಲ್ಲುವುದೇ ಇಲ್ಲ, ಒಳಗೆ ಏನೋ ಕೆಟ್ಟಿದೆ, ಅದನ್ನು ನನಗೆ ಹೇಳುತ್ತಿಲ್ಲ ಎಂದು ಖಚಿತವಾಗಿ ಅನ್ನಿಸಿತು. ನೋಡಲು ಬಂದವರಿಗೆ ನಿದ್ದೆ ಬಂದ ಹಾಗೆ ನಟಿಸಿದೆ. ಅವರು ಪಿಸುಪಿಸು ಮಾತಾಡಿಕೊಂಡು, ತಂದ ಕಿತ್ತಳೆ, ಬ್ರೆಡ್ಡು ಇಟ್ಟು ಹೋಗುತ್ತಿದ್ದರು. ಸತ್ತರೆ ಸಾಯುತ್ತೇನೆ, ಈ ಪೈಪಿನ ಜೊತೆ ಮಾತ್ರ ಸಾಯಬಾರದು ಎಂದು ಒಂದು ದಿನ ಅತ್ತೆಯ ಮುಂದೆ ಅಂದುಬಿಟ್ಟೆ. "ಬಿಡ್ತು ಅನ್ನು! ನಾನಿನ್ನೂ ಕಲ್ಲುಗುಂಡಿನಂಗೆ ಕೂತಿದ್ದೀನಿ, ನೀನೇನ್ ಸಾಯದು?" ಎಂದು ಗದರಿ, ಅವರು ಅಡುಗೆಮನೆಗೆ ಹೋಗಿ ತುಂಬಾ ಹೊತ್ತು ಹೊರಗೆ ಬರಲಿಲ್ಲ.

ನನಗಿಂತ ಕಷ್ಟವಾಗಿದ್ದದ್ದು ಇವರನ್ನು ನೋಡುವುದು. ಮೈಸೂರಿನಿಂದ ಬಂದ ಮೇಲೆ ಮನುಷ್ಯ ಮಾತೇ ಬಿಟ್ಟಿದ್ದರು. ತೋಟಕ್ಕೆ ಹೋಗುವುದು, ಬರುವುದು, ತಟ್ಟೆಯಲ್ಲಿ ಹಾಕಿದ್ದನ್ನು ತಿಂದು ಕೈ ತೊಳೆಯುವುದು. ಅಂಥ ಒಂದು ಸಂಜೆ, ಯಾರೂ ಆಸೆ ಇಟ್ಟುಕೊಳ್ಳದಿದ್ದಾಗ, ಗುಡುಗಿ ಸಿಡಿದು ಹೂಮಳೆ ಬಂತು. ಅಂಗಳ ಕಾಣದ ಹಾಗೆ ಸುರಿಯಿತು. ಬೆಳಗ್ಗೆ ಪುಟ್ಟಸ್ವಾಮಿಯ ಫೋನು. ಸ್ಪೀಕರಿನಲ್ಲಿ ಅವರ ದನಿ ಮನೆ ತುಂಬ ಕೇಳುತ್ತಿತ್ತು: "ನಮ್ಗೆ ಒಂದ್ ಇಂಚ್ ಮೂವತ್ ಸೆಂಟು ಕಣಯ್ಯಾ! ನಿಮ್ಗೆಷ್ಟ್ ಬಂತು?"

"ನೋಡ್ಲಿಲ್ಲ" ಎಂದರು ಇವರು.

ನಾನು ಮಂಚದ ಮೇಲೆ ಎದ್ದು ಕೂತೆ. ನನಗೆ ಎಲ್ಲಿಲ್ಲದ ಕೋಪ ಬಂತು. "ವರ್ಷವಿಡೀ ಕಾದಿದ್ದೀರಿ, ಮಳೆ ಬಂದಿದೆ, ಅಳೆಯೋದಕ್ಕೇನು ಧಾಡಿ? ನಾನು ಸತ್ತಿದೀನಾ?" ಎಂದು ಕೂಗಿದೆ. ಇವರು ಬಾಗಿಲಿಗೆ ಒರಗಿ ನಿಂತು, "ಅಳ್ದು ಏನ್ ಮಾಡ್ಲಿ? ನಿಂಗ್ ಹೂ ಮುಡಿಸಿ ಕರ್ಕೊಂಡ್ ಹೋಗಿ ವಾಪಸ್ ಕರ್ಕೊಂಡ್ ಬಂದೆ" ಎಂದರು. ಸೊಂಟದ ಚೀಲವನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಮನೆಗೆ ಬಂದಮೇಲೆ ಮೊದಲ ಸಲ ಅಂಗಳಕ್ಕೆ ಇಳಿದು, ಮಾಪಕದ ಹತ್ತಿರ ಹೋಗಿ ನಿಂತೆ. ಇವರು ಹಿಂದೆಯೇ ಓಡಿ ಬಂದರು, ನಾನು ಜಾರಿ ಬಿದ್ದೇನೆಂದು. ಬಂದವರು ಮಾಪಕದ ನೀರನ್ನು ಗ್ಲಾಸಿಗೆ ಹುಯ್ದು ಓದಿದರು: ಒಂದು ಇಂಚು ಹದಿನೈದು ಸೆಂಟು. ಪುಟ್ಟಸ್ವಾಮಿಗಿಂತ ಹದಿನೈದು ಸೆಂಟು ಕಮ್ಮಿ. ಇವರ ಮುಖದಲ್ಲಿ ಹಳೆಯ ಅಸೂಯೆ ಸ್ವಲ್ಪ ಮೂಡಿದ್ದನ್ನು ಕಂಡು ನನಗೆ ಸಮಾಧಾನವಾಯಿತು.

ತೋಟದಲ್ಲಿ ಕಾಫಿ ಹೂ ಅರಳಿ ಉದುರಿತು. ಕಪ್ಪಿನ ಸಂಖ್ಯೆ ಯಾರ ಹಂಗೂ ಇಲ್ಲದೆ, ಯಾರ ಸಾರು ತುಪ್ಪಕ್ಕೂ ಕಾಯದೆ, ತನ್ನಷ್ಟಕ್ಕೆ ಐವತ್ತಾಯಿತು, ನಲವತ್ತಾಯಿತು, ಕೊನೆಗೊಂದು ದಿನ ಇಪ್ಪತ್ತೆಂಟು, ಮರುದಿನ ಇಪ್ಪತ್ತೈದು. ಮೈಸೂರಿಗೆ ಈ ಸಲ ಫೋನು ಮಾಡಿದ್ದು ನಾನು. "ಎಂಎಲ್ಲೇ ತಾನೇ ಆಂಟಿ?" ಎಂದು ಸಿಸ್ಟರು ಕೇಳಿದರು. ಹೌದು ಎಂದೆ, ಫೋಟೋನೂ ಕಳಿಸಿದೆ. ಹೂ ಮುಡಿಯಲಿಲ್ಲ. ಹಂಡೆಗೆ ನೀರು ತುಂಬಲೂ ಹೇಳಲಿಲ್ಲ. ಇವರು ದಾರಿಯಲ್ಲಿ ಬರೀ ರಸ್ತೆ ನೋಡುತ್ತಾ ಕಾರು ಓಡಿಸಿದರು.

ಡಾಕ್ಟರು ಹೊಲಿಗೆಯನ್ನು ಕತ್ತರಿಸಿ, "ಉಸಿರು ಎಳ್ಕೊಂಡು ಬಿಡಿ ಅಮ್ಮಾ" ಎಂದು ಪೈಪನ್ನು ಎಳೆದರು. ಒಳಗೆ ಏನೋ ಜಾರಿ ಹೋದ ಹಾಗಾಯಿತು, ಅಷ್ಟೇ. ಇಷ್ಟು ಉದ್ದದ್ದು ನನ್ನೊಳಗಿತ್ತೇ ಎಂದು ಆಶ್ಚರ್ಯಪಟ್ಟುಕೊಳ್ಳುವಷ್ಟರಲ್ಲಿ ಮುಗಿದಿತ್ತು. ಸಿಸ್ಟರು ಹಳೆಯ ಬ್ಯಾಂಡೇಜು ಪೂರ್ತಿ ಬಿಚ್ಚಿ ಒರೆಸಿ, ಸಣ್ಣದೊಂದು ಹತ್ತಿ ತುಂಡು ಅಂಟಿಸಿ, "ಆಯ್ತು, ಇನ್ನು ಫ್ರೀ ನೀವು" ಎಂದು ಆ ಬುಡ್ಡಿಯನ್ನು ತೊಟ್ಟಿಗೆ ಎಸೆಯಲು ಹೋದರು. ನಾನು ಅಭ್ಯಾಸದಂತೆ ಪೈಪು ಎಲ್ಲಿದೆ ಎಂದು ತಲೆ ಬಗ್ಗಿಸಿ ನೋಡಿದೆ. ಪೈಪು ಇರಲಿಲ್ಲ. ಅಲ್ಲಿ ಇದ್ದದ್ದು ನನ್ನ ಎದೆ. ಅಂದರೆ ಅದು ಇರಲಿಲ್ಲ. ಚಪ್ಪಟೆ ಚರ್ಮ, ಅಡ್ಡಕ್ಕೆ ಒಂದು ಉದ್ದ ಹೊಲಿಗೆ. ಇಷ್ಟು ದಿನ ಪೈಪಿಗೆ ಬೈದೆ, ಅಂಟಿಗೆ ಬೈದೆ, ಕಪ್ಪಿಗೆ, ಮಳೆ ಗ್ಲಾಸಿಗೆ ಬೈದೆ. ಇನ್ನು ಬೈಯುವುದಕ್ಕೆ ಏನೂ ಉಳಿದಿರಲಿಲ್ಲ. ನನ್ನ ಸ್ತನ ಹೋಯಿತು, ಅದು ಇನ್ನು ಬರುವುದಿಲ್ಲ ಎಂದು ನನಗೆ ಆಗ ಗೊತ್ತಾಯಿತು. ಆ ಮಂಚದ ಮೇಲೆ ಕೂತು, ಪರದೆಯಾಚೆ ನಿಂತ ಬೇರೆ ರೋಗಿಗಳೂ ತಿರುಗಿ ನೋಡುವ ಹಾಗೆ, ಬಾಯಿಬಿಟ್ಟು ಅತ್ತುಬಿಟ್ಟೆ.

ಇವರು ಪರದೆ ಸರಿಸಿ ಓಡಿ ಬಂದರು. "ಏನಾಯ್ತು? ನೋವಾಯ್ತಾ?" ಎಂದು ಕೇಳಿದರು. ಇಲ್ಲ ಎಂದರೆ ಮತ್ತೆ ಯಾಕೆ ಎಂದು ಕೇಳುತ್ತಾರೆ. ಅದನ್ನು ಇವರಿಗೆ ಬಾಯಿಬಿಟ್ಟು ಹೇಳುವಷ್ಟು ಶಕ್ತಿ ನನ್ನಲ್ಲಿರಲಿಲ್ಲ. "ಹೂಂ, ತುಂಬಾ ನೋವಾಯ್ತು" ಎಂದೆ. ಜೀವಮಾನದಲ್ಲಿ ಯಾರ ಮೇಲೂ ದನಿ ಎತ್ತದ ನಮ್ಮ ಯಜಮಾನರು ಡಾಕ್ಟರ ಕಡೆ ತಿರುಗಿ, "ಅಲ್ಲಾ ಸಾರ್, ಹೆಣ್ಣುಮಗಳು ಅಂತ ನೋಡ್ಬಾರ್ದಾ? ಸ್ವಲ್ಪ ನಿಧಾನಕ್ಕೆ ಎಳೀಬೌದಿತ್ತಲ್ಲಾ?" ಎಂದು ಗುಡುಗಿದರು. ಡಾಕ್ಟರು ಕಕ್ಕಾಬಿಕ್ಕಿಯಾಗಿ ಸಿಸ್ಟರ ಮುಖ ನೋಡಿದರು. ಆಮೇಲೆ ನನ್ನ ಹತ್ತಿರ ಬಂದು, ಕೈಗವುಸು ಬಿಚ್ಚುತ್ತಾ, "ಸಾರಿ ಅಮ್ಮಾ, ಮುಂದೆ ಜಾಗ್ರತೆ ಮಾಡ್ತೀನಿ" ಎಂದರು. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ದೊಡ್ಡ ಮನಸ್ಸು ಮಾಡಿ, ಅವರನ್ನು ಕ್ಷಮಿಸಿದೆ.